ಜೇಬಿಗೊಂದು ಚಾರ್ಜಿಂಗ್ ಟಾರ್ಚ್: ಮೊದಲು ಸೆಲ್ ನೋಡಿ, ಆಮೇಲೆ ಬೆಳಕು

ಹಳ್ಳಿ ಕಡೆ ಟಾರ್ಚಿಗೆ ಇವತ್ತಿಗೂ ‘ಬ್ಯಾಟ್ರಿ’ ಅಂತಲೇ ಹೆಸರು. ಹೆಸರು ಸರಿಯಾಗಿಯೇ ಇದೆ. ಎಲ್‌ಇಡಿ ದೀಪ ಸುಟ್ಟುಹೋಗುವುದು ಅಪರೂಪ. ಕೈಕೊಡುವುದು ಒಳಗಿನ ಸೆಲ್ಲು, ಸ್ವಿಚ್ಚು, ಇಲ್ಲವೇ ಚಾರ್ಜಿಂಗ್ ತೂತು. ಆದರೆ ಅಂಗಡಿಯಲ್ಲಿ ನಿಂತಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ “ಎಷ್ಟು ದೂರ ಹೊಡೆಯುತ್ತೆ?” ಎನ್ನುವುದೇ. ಇಲ್ಲಿ ಆ ಪ್ರಶ್ನೆಯನ್ನು ಮೂರನೆಯ ಹೆಜ್ಜೆಗೆ ತಳ್ಳಿದ್ದೇವೆ.

ಹೆಜ್ಜೆ 1: ಯಾವ ಜೇಬು, ಯಾವ ಕೆಲಸ

ದಿನವೂ ಜೊತೆಗಿರದ ಟಾರ್ಚ್ ಎಷ್ಟು ಪ್ರಖರವಾಗಿದ್ದರೂ ಮನೆಯ ಮೊಳೆಗೆ ನೇತುಬಿದ್ದಿರುತ್ತದೆ. ಹಾಗಾಗಿ ಅಳತೆ ಮೊದಲು.

50–60 ಗ್ರಾಂ ತೂಕ, 8 ಸೆಂಟಿಮೀಟರ್ ಉದ್ದದ ಟಾರ್ಚ್ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಕೂರುತ್ತದೆ. ಸೆಲ್ ಸೇರಿ 100 ಗ್ರಾಂ ಆಸುಪಾಸು, 10–11 ಸೆಂಟಿಮೀಟರ್ ಇದ್ದರೆ ಪ್ಯಾಂಟಿನ ಜೇಬಿಗೆ ಸರಿ. 150 ಗ್ರಾಂ ಮುಟ್ಟಿದರೆ ಜಾಕೆಟ್ಟು ಅಥವಾ ಚೀಲವೇ ಗತಿ. ಪಂಚೆ ಎತ್ತಿ ಕಟ್ಟಿ ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ಇಳಿಬಿಡುವವರಿಗೆ ಆ ತೂಕ ನಡೆಯುವಾಗ ತೊಡೆಗೆ ಬಡಿಯುತ್ತದೆ. ಸೀರೆ ಉಡುವವರಿಗೆ ಜೇಬೇ ಇಲ್ಲ. ಅವರಿಗೆ ಮಣಿಕಟ್ಟಿಗೆ ಹಾಕುವ ದಾರದ ತೂತು ಇರುವ ಹಗುರ ಟಾರ್ಚೇ ಬೇಕು. ಆ ತೂತು ಕ್ಲಿಪ್ಪಿನಲ್ಲಲ್ಲ, ಟಾರ್ಚಿನ ಮೈಯಲ್ಲೇ ಇರಲಿ. ಕ್ಲಿಪ್ ಒಂದು ದಿನ ಕಳಚಿಕೊಳ್ಳುತ್ತದೆ.

ಇನ್ನು ಕೆಲಸ. ಕರೆಂಟು ಹೋದಾಗ ಮನೆಯೊಳಗೆ ಓಡಾಡಲು 10–20 ಲ್ಯೂಮೆನ್ (ಟಾರ್ಚ್ ಚೆಲ್ಲುವ ಒಟ್ಟು ಬೆಳಕಿನ ಅಳತೆ) ಸಾಕು. ಕೊಟ್ಟಿಗೆ, ಹಿತ್ತಿಲು, ತೋಟದ ಕಾಲುದಾರಿಗೆ 80–150. ರಾತ್ರಿ ಪಾಳಿಯ ತ್ರೀ ಫೇಸ್ ಬಂದಾಗ ಪಂಪ್‌ಸೆಟ್ ಹಾಕಲು ಗದ್ದೆ ಬದುವಿನ ಮೇಲೆ ನಡೆಯುವವರಿಗೆ ಆಗಾಗ 300–400 ಬೇಕಾದೀತು. ಕೊಡಗು, ಸಕಲೇಶಪುರದ ಕಡೆ ಆನೆ ಓಡಾಡುವ ಜಾಗದಲ್ಲಿರುವವರಿಗೆ ದೂರ ಕಾಣುವುದೇ ಮುಖ್ಯ, ಅವರ ಆಯ್ಕೆಯೇ ಬೇರೆ. ಮೊಬೈಲ್ ಇದೆಯಲ್ಲ ಎನ್ನುವವರು ಅದನ್ನು ಅಂಗಳಕ್ಕೆ ಹಿಡಿದು ನೋಡಲಿ: ನಾಲ್ಕು ಮಾರಿನಾಚೆ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ಕೆಸರಿಗೆ ಬಿದ್ದರೆ ಹೋಗುವುದು ಬೆಳಕಷ್ಟೇ ಅಲ್ಲ, ಫೋನೂ ಹೌದು.

ಹೆಜ್ಜೆ 2: ಸೆಲ್

ಚಾರ್ಜಿಂಗ್ ಟಾರ್ಚ್‌ಗಳಲ್ಲಿ ಒಳಗೆ ಏನಿದೆ ಎಂಬುದರ ಮೇಲೆ ನಾಲ್ಕು ಜಾತಿ.

ಬೆನ್ನಿನಿಂದ ಎರಡು ಪಿನ್ನಿನ ಪ್ಲಗ್ ಹೊರಗೆ ಬರುವ ಅಗ್ಗದ ಪ್ಲಾಸ್ಟಿಕ್ ಟಾರ್ಚ್‌ಗಳಲ್ಲಿ ಸಾಮಾನ್ಯವಾಗಿ 4 ವೋಲ್ಟಿನ ಪುಟ್ಟ ಲೆಡ್-ಆಸಿಡ್ ಬ್ಯಾಟರಿ ಇರುತ್ತದೆ. ಚಾರ್ಜು ಇಳಿದ ಸ್ಥಿತಿಯಲ್ಲಿ ಒಂದೆರಡು ತಿಂಗಳು ಬಿಟ್ಟರೆ ಅದರ ತಗಡುಗಳ ಮೇಲೆ ಸಲ್ಫೇಟ್ ಕಟ್ಟಿ, ಮತ್ತೆ ಎಷ್ಟು ಚಾರ್ಜ್ ಮಾಡಿದರೂ ಐದು ನಿಮಿಷಕ್ಕೆ ಮಂಕಾಗುತ್ತದೆ. ಇನ್ನೊಂದು ಅಪಾಯವೂ ಇದೆ. ಇಂಥ ಬಹುಪಾಲು ಟಾರ್ಚ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರ್ ಮೂಲಕ 230 ವೋಲ್ಟ್ ನೇರ ಒಳಗೆ ಬರುತ್ತದೆ. ಪ್ಲಗ್ಗಿನಲ್ಲಿದ್ದಾಗ ಹಚ್ಚುವುದು, ಒದ್ದೆ ಕೈಯಲ್ಲಿ ಮುಟ್ಟುವುದು, ಮಕ್ಕಳ ಕೈಗೆ ಕೊಡುವುದು ಬೇಡವೇ ಬೇಡ. ಜೇಬಿನ ಟಾರ್ಚ್ ಹುಡುಕುವವರು ಈ ಜಾತಿಯನ್ನು ಬಿಟ್ಟುಬಿಡಬಹುದು.

ಎರಡನೆಯದು ಬೀಗದಕೈ ಗೊಂಚಲಿಗೆ ಹಾಕುವ ಚಿಕ್ಕ ಟಾರ್ಚ್. ಒಳಗೆ ಬೆಸುಗೆ ಹಾಕಿದ ಲಿಥಿಯಂ ಸೆಲ್, ತೆಗೆಯಲು ಬಾರದು. ಲಿಥಿಯಂ ಸೆಲ್ ಸಾಮಾನ್ಯವಾಗಿ 300–500 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಸುಮಾರು ಐದನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಅಪರೂಪಕ್ಕೆ ಬಳಸುವವರಿಗೆ ತೊಂದರೆಯಿಲ್ಲ. ದಿನವೂ ಚಾರ್ಜ್ ಮಾಡುವವರಿಗೆ ಎರಡು ವರ್ಷದಲ್ಲಿ ಸೆಲ್ ಸೋತು, ಅದರ ಜೊತೆ ಟಾರ್ಚೂ ಕಸವಾಗುತ್ತದೆ.

ಮೂರನೆಯದು, ತೆಗೆದು ಹಾಕಬಹುದಾದ ಆದರೆ ಆ ಕಂಪನಿಯದೇ ಆಗಬೇಕಾದ ಸೆಲ್. ತುದಿಯಲ್ಲಿ ಪ್ಲಸ್, ಮೈನಸ್ ಎರಡೂ ಒಂದೇ ಕಡೆ ಇರುವಂಥದ್ದು. ಬಿಡಿ ಸೆಲ್ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸದೆ ಕೊಳ್ಳಬೇಡಿ.

ನಾಲ್ಕನೆಯದು ಎಲ್ಲ ಕಡೆ ಸಿಗುವ ಅಳತೆಯ ಸೆಲ್ ಹಾಕುವಂಥದ್ದು. ನಮ್ಮ ಮತ ಇದಕ್ಕೇ. ಅಳತೆಯ ಹೆಸರೇ ಅದರ ಗಾತ್ರ ಹೇಳುತ್ತದೆ. 14500 ಎಂದರೆ 14 ಮಿಲಿಮೀಟರ್ ದಪ್ಪ, 50 ಉದ್ದ. ನಮ್ಮ ಮಾಮೂಲಿ ಪೆನ್‌ಟಾರ್ಚ್ ಸೆಲ್ಲಿನಷ್ಟೇ. 18650 ಎಂದರೆ 18 ದಪ್ಪ, 65 ಉದ್ದ. 21700 ಎಂದರೆ 21 ದಪ್ಪ, 70 ಉದ್ದ. ಪ್ರಾಮಾಣಿಕ ಸಾಮರ್ಥ್ಯ ಹೀಗಿರುತ್ತದೆ: 14500ರಲ್ಲಿ 800–1000 ಎಂಎಎಚ್ (ಮಿಲಿಆಂಪ್-ಅವರ್, ಸೆಲ್ ಹಿಡಿಯುವ ಚಾರ್ಜಿನ ಅಳತೆ), 18650ರಲ್ಲಿ 2600–3500, 21700ರಲ್ಲಿ 4000–5000, ತೀರಾ ಈಚಿನವುಗಳಲ್ಲಿ 6000. 18650 ಸೆಲ್ಲಿನ ಮೇಲೆ 9900 ಎಂದು ಬರೆದಿದ್ದರೆ ಅದು ಸುಳ್ಳು, ಚರ್ಚೆಯೇ ಬೇಕಿಲ್ಲ. ಅನುಮಾನ ಬಂದರೆ ತಕ್ಕಡಿಗೆ ಹಾಕಿ. ಸರಿಯಾದ 18650 ಸೆಲ್ 45–50 ಗ್ರಾಂ ತೂಗುತ್ತದೆ. 30 ಗ್ರಾಂ ತೂಗುವುದರೊಳಗೆ ಹೆಸರಿಗೊಂದು ಪುಟ್ಟ ಸೆಲ್ ಇರುತ್ತದೆ, ಉಳಿದದ್ದು ಪೊಳ್ಳು.

ಬಿಡಿಯಾಗಿ ಕೊಳ್ಳುವಾಗ ಎರಡು ತುದಿಗಳನ್ನೂ ನೋಡಿ. ಲೋಹದ ಮೇಲೆ ಎರಡು ಅಥವಾ ನಾಲ್ಕು ಸೂಜಿಮೊನೆಯಷ್ಟು ಕಲೆಗಳು, ಕಿತ್ತ ಗುರುತು ಕಂಡರೆ ಅದು ಹಳೆಯ ಲ್ಯಾಪ್‌ಟಾಪ್ ಪ್ಯಾಕಿನಿಂದ ಬಿಚ್ಚಿ ಹೊಸ ಬಟ್ಟೆ ತೊಡಿಸಿದ ಸೆಲ್. ಭಾರತದಲ್ಲಿ ಮಾರುವ ಲಿಥಿಯಂ ಸೆಲ್‌ಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಲೇಬಲ್ಲಿನಲ್ಲಿ ಐಎಸ್ 16046 ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು.

ತಲೆಯ ಆಕಾರವನ್ನೂ ಗಮನಿಸಿ. ಕೆಲವು ಟಾರ್ಚ್ ಪ್ಲಸ್ ತುದಿಯಲ್ಲಿ ಉಬ್ಬು ಇರುವ ಸೆಲ್ಲನ್ನೇ ಕೇಳುತ್ತವೆ, ಕೆಲವಕ್ಕೆ ಚಪ್ಪಟೆಯದು ಸಾಕು. ರಕ್ಷಣಾ ಸರ್ಕ್ಯೂಟ್ ಇರುವ 18650 ಸೆಲ್ 69–70 ಮಿಲಿಮೀಟರ್‌ವರೆಗೆ ಬೆಳೆದಿರುತ್ತದೆ. ಬಿಗಿಯಾದ ಟಾರ್ಚಿನಲ್ಲಿ ಮುಚ್ಚಳ ತಿರುಗುವುದೇ ಇಲ್ಲ. ಒತ್ತಾಯ ಮಾಡಿದರೆ ಒಳಗಿನ ಸ್ಪ್ರಿಂಗ್ ಬಾಗುತ್ತದೆ. 14500 ಪೆನ್‌ಟಾರ್ಚ್ ಸೆಲ್ಲಿನ ಗಾತ್ರದ್ದೇ ಆದರೂ ಅದರ ವೋಲ್ಟೇಜ್ 3.7, ತುಂಬಿದಾಗ 4.2. 1.5 ವೋಲ್ಟಿನ ಸಾದಾ ಟಾರ್ಚಿಗೆ ಹಾಕಿದರೆ ಸರ್ಕ್ಯೂಟ್ ಸುಡುತ್ತದೆ. ಎರಡನ್ನೂ ತಾಳುವ ಟಾರ್ಚ್‌ಗಳೂ ಇವೆ. ಕಿರಾಣಿ ಅಂಗಡಿಯ ಸೆಲ್ಲಿನಲ್ಲೂ ಉರಿಯುವ ಕಾರಣ ಪ್ರವಾಸಕ್ಕೆ ಅವು ಬಲು ಅನುಕೂಲ.

ಹೆಜ್ಜೆ 3: ಡಬ್ಬಿಯ ಮೇಲಿನ ಸಂಖ್ಯೆಗೆ ಲೆಕ್ಕ ಕೇಳಿ

ಇಲ್ಲಿ ಮೂರು ಸಣ್ಣ ಲೆಕ್ಕ ಗೊತ್ತಿದ್ದರೆ ಅರ್ಧ ಅಂಗಡಿಯನ್ನು ಪಕ್ಕಕ್ಕಿಡಬಹುದು.

ಮೊದಲನೆಯದು ಶಕ್ತಿ. 3000 ಎಂಎಎಚ್ ಸೆಲ್ಲನ್ನು 3.6 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 10.8 ವ್ಯಾಟ್-ಅವರ್. ಒಳ್ಳೆಯ ಟಾರ್ಚ್ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಕೆಲವು 130–140 ಕೊಟ್ಟಾವು. ಹಾಗಾದರೆ 100 ಲ್ಯೂಮೆನ್ ಬೆಳಕು ಸುಮಾರು 10 ಗಂಟೆ, 300 ಲ್ಯೂಮೆನ್ ಮೂರೂವರೆ ಗಂಟೆ. ಒಂದೇ 18650 ಹಾಕಿ “1000 ಲ್ಯೂಮೆನ್, 5 ಗಂಟೆ” ಎಂದರೆ 50 ವ್ಯಾಟ್-ಅವರ್ ಬೇಕು. ಸೆಲ್ಲಿನಲ್ಲಿ ಇರುವುದು ಅದರ ಐದನೇ ಒಂದು ಭಾಗ.

ಹಾಗಂತ ಒಳ್ಳೆಯ ಕಂಪನಿಗಳೂ ಹೀಗೆ ಬರೆಯುತ್ತವಲ್ಲ? ಅವು ಬರೆಯುವುದು ಎಫ್‌ಎಲ್1 ಎಂಬ ಅಮೆರಿಕನ್ ಮಾನದಂಡದ ಪ್ರಕಾರ. ಅದರಲ್ಲಿ ಬೆಳಕನ್ನು ಅಳೆಯುವುದು ಹಚ್ಚಿದ 30 ಸೆಕೆಂಡಿನ ಸುಮಾರಿಗೆ. ಉರಿಯುವ ಅವಧಿ ಎಂದರೆ ಆ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ. ಎರಡು ನಿಮಿಷ 1000 ಕೊಟ್ಟು, ಬಿಸಿಯಾಗಿ 300ಕ್ಕೆ ಇಳಿದು, ಮುಂದೆ 120ರಲ್ಲಿ ತೆವಳಿದರೂ ಆ ಹೊತ್ತೆಲ್ಲ ಲೆಕ್ಕಕ್ಕೆ ಸೇರುತ್ತದೆ. ಸುಳ್ಳಲ್ಲ, ಆದರೆ ನಾವು ಅಂದುಕೊಂಡದ್ದೂ ಅಲ್ಲ. ಕಂಪನಿ ಬೆಳಕು-ಸಮಯದ ಗ್ರಾಫ್ ಕೊಟ್ಟಿದ್ದರೆ ಅದನ್ನೇ ನೋಡಿ. ಚಪ್ಪಟೆಯಾಗಿ ಉದ್ದಕ್ಕೆ ಸಾಗುವ ಗೆರೆ ಯಾವ ಎತ್ತರದಲ್ಲಿದೆಯೋ ಅದೇ ನಿಮ್ಮ ಟಾರ್ಚಿನ ನಿಜವಾದ ಬೆಳಕು. ಜೇಬಿನ ಗಾತ್ರದ ಲೋಹದ ಮೈ 3–5 ವ್ಯಾಟಿನ ಬಿಸಿಯನ್ನಷ್ಟೇ ಸಲೀಸಾಗಿ ಹೊರಹಾಕಬಲ್ಲದು. ಹಾಗಾಗಿ ಆ ಗೆರೆ ಸಾಮಾನ್ಯವಾಗಿ 300–500ರ ನಡುವೆ ಇರುತ್ತದೆ, ಡಬ್ಬಿಯ ಮೇಲೆ 2000 ಎಂದು ಬರೆದಿದ್ದರೂ.

ಎರಡನೆಯದು ದೂರ. ಬೆಳಕಿನ ಮೊನಚನ್ನು ಕ್ಯಾಂಡೆಲಾದಲ್ಲಿ ಹೇಳುತ್ತಾರೆ. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಅದೇ ಮಾನದಂಡದ ದೂರ ಮೀಟರಿನಲ್ಲಿ ಸಿಗುತ್ತದೆ. 10,000 ಕ್ಯಾಂಡೆಲಾ ಎಂದರೆ 200 ಮೀಟರ್. ಆ ದೂರದಲ್ಲಿ ಬೀಳುವ ಬೆಳಕು ಕಾಲು ಲಕ್ಸ್, ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಷ್ಟು. ಅಲ್ಲಿ ನಿಂತಿರುವುದು ಎಮ್ಮೆಯೋ ಬಂಡೆಯೋ ತಿಳಿಯದು. ಕಣ್ಣಿಗೆ ಉಪಯೋಗವಾಗುವ ದೂರ ಅದರ ಅರ್ಧ ಎಂದುಕೊಳ್ಳಿ. “2 ಕಿಲೋಮೀಟರ್” ಎಂದು ಬರೆದ ಜೇಬಿನ ಟಾರ್ಚ್ ಕಂಡರೆ ಲೆಕ್ಕ ಹಾಕಿ: ಹತ್ತು ಲಕ್ಷ ಕ್ಯಾಂಡೆಲಾ ಬೇಕು. ಹೆಬ್ಬೆರಳಷ್ಟು ಅಗಲದ ಎಲ್‌ಇಡಿ ಟಾರ್ಚಿನಿಂದ ಅದು ಆಗದ ಮಾತು.

ಮೂರನೆಯದು ನಮ್ಮ ಕಣ್ಣಿನದು. ಬೆಳಕು ಎರಡು ಪಟ್ಟು ಆದಂತೆ ಅನಿಸಬೇಕಾದರೆ ಲ್ಯೂಮೆನ್ ಸುಮಾರು ನಾಲ್ಕು ಪಟ್ಟು ಆಗಬೇಕು. 800ಕ್ಕೂ 1000ಕ್ಕೂ ಇರುವ ವ್ಯತ್ಯಾಸಕ್ಕೆ ಹೆಚ್ಚು ದುಡ್ಡು ಕೊಡುವುದು ವ್ಯರ್ಥ.

ಹೆಜ್ಜೆ 4: ಬೆಳಕಿನ ಬಣ್ಣ ಮತ್ತು ಹರವು

ನೆಲ ನೋಡುತ್ತ ನಡೆಯುವವರಿಗೆ ಲ್ಯೂಮೆನ್‌ಗಿಂತ ಇದು ಮುಖ್ಯ ಎನ್ನುವುದು ನಮ್ಮ ಅಭಿಪ್ರಾಯ. ನೀಲಿ ಮಿಶ್ರಿತ ಬಿಳಿ, ಅಂದರೆ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬೆಳಕು ಅಂಗಡಿಯಲ್ಲಿ ಜಗ್ಗನೆ ಕಾಣುತ್ತದೆ. ಆದರೆ ಒಣ ಎಲೆ, ಮಣ್ಣು, ತೊಗಟೆ ಎಲ್ಲವನ್ನೂ ಒಂದೇ ಬೂದು ಬಣ್ಣಕ್ಕೆ ತಿರುಗಿಸುತ್ತದೆ. ತರಗೆಲೆಯ ಮೇಲೆ ಸುರುಳಿ ಸುತ್ತಿದ ಕೊಳಕುಮಂಡಲದ ಕಂದು ಮಚ್ಚೆ ಬೇರೆಯಾಗಿ ಕಾಣಬೇಕಾದರೆ 4000–5000 ಕೆಲ್ವಿನ್, ಸಿಆರ್‌ಐ 90ಕ್ಕಿಂತ ಹೆಚ್ಚು ಇರುವ ಎಲ್‌ಇಡಿ ಒಳ್ಳೆಯದು. ಸಿಆರ್‌ಐ ಎಂದರೆ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಂಕ. ಬಿಸಿಲಿಗೆ 100, ಸಾಮಾನ್ಯ ಟಾರ್ಚಿಗೆ 70. ನಿಚಿಯಾ 519ಎ ಎಂಬ ಎಲ್‌ಇಡಿ ಈ ಗುಣಕ್ಕೆ ಹೆಸರಾದದ್ದು. ಅದೇ ಕರೆಂಟಿಗೆ ಲ್ಯೂಮೆನ್ ತುಸು ಕಡಿಮೆಯಾಗುತ್ತದೆ. ಆಗಲಿ.

ಮಲೆನಾಡಿನ ಮಳೆ, ಮಂಜಿನಲ್ಲಿ ಪ್ರಖರ ಬೆಳಕು ಹನಿಗಳಿಗೆ ತಾಗಿ ಕಣ್ಣಿಗೇ ವಾಪಸ್ ಬಂದು ಎದುರಿಗೆ ಬಿಳಿ ಗೋಡೆ ನಿಲ್ಲಿಸುತ್ತದೆ. ಆಗ ಬೆಳಕು ತಗ್ಗಿಸಿ, ಟಾರ್ಚನ್ನು ಹಣೆಯ ಬಳಿಯಲ್ಲ, ಸೊಂಟದ ಮಟ್ಟದಲ್ಲಿ ಹಿಡಿಯಬೇಕು. ಕತ್ತು ಎಳೆದು ಬೆಳಕು ಕಿರಿದು ಮಾಡುವ ಜೂಮ್ ಟಾರ್ಚ್‌ಗಳು ಆಡಲು ಚೆನ್ನ. ಕತ್ತು ಒಳಗೆ ಹೊರಗೆ ಆಡುವಾಗ ಗಾಳಿಯ ಜೊತೆ ನೀರನ್ನೂ ಎಳೆದುಕೊಳ್ಳುತ್ತವೆ. ಮಳೆಗಾಲದ ಊರಿಗೆ ಅವು ಬೇಡ.

ಹೆಜ್ಜೆ 5: ಸ್ವಿಚ್ಚು, ಚಾರ್ಜಿಂಗ್, ನೀರು

ಕಣ್ಣು ಮುಚ್ಚಿ ಟಾರ್ಚನ್ನು ಕೈಗೆ ತೆಗೆದುಕೊಳ್ಳಿ. ಹೆಬ್ಬೆರಳು ತಡಕಾಡದೆ ಗುಂಡಿಗೆ ಹೋಗಬೇಕು. ಬಾಲದಲ್ಲಿರುವ ಟಿಕ್ ಎನ್ನುವ ಸ್ವಿಚ್ ಕರೆಂಟನ್ನು ಪೂರ್ತಿ ಕತ್ತರಿಸುತ್ತದೆ, ಸೆಲ್ ಸೋರುವುದಿಲ್ಲ. ಪಕ್ಕದಲ್ಲಿರುವ ಮೃದು ಗುಂಡಿ ಎಲೆಕ್ಟ್ರಾನಿಕ್. ಆರಿಸಿದಾಗಲೂ ಚೂರು ಕರೆಂಟು ಕುಡಿಯುತ್ತಿರುತ್ತದೆ. ಒಳ್ಳೆಯದರಲ್ಲಿ ಅದು ಕೆಲವೇ ಹತ್ತು ಮೈಕ್ರೋಆಂಪ್, ಲೆಕ್ಕಕ್ಕಿಲ್ಲ. ಕೆಟ್ಟದರಲ್ಲಿ ಒಂದು ಮಿಲಿಆಂಪ್ ಇದ್ದರೆ 3000 ಎಂಎಎಚ್ ಸೆಲ್ ನಾಲ್ಕು ತಿಂಗಳಲ್ಲಿ ಖಾಲಿ.

ಒಂದು ಸಲ ಒತ್ತಿದರೆ ಹತ್ತಬೇಕು, ಹಿಂದಿನ ಸಲದ ಮಟ್ಟದಲ್ಲೋ ಕಡಿಮೆ ಮಟ್ಟದಲ್ಲೋ. ಆರಿಸಲು ಜೋರು, ಮಧ್ಯಮ, ಮಿಣುಕು, ಎಸ್‌ಒಎಸ್ (ಅಪಾಯದ ಸಂಕೇತ) ಎಲ್ಲ ದಾಟಿ ಬರಬೇಕಾದ ಟಾರ್ಚ್ ಒಂದು ವಾರದಲ್ಲೇ ಸಿಟ್ಟು ಬರಿಸುತ್ತದೆ. ಮಿಣುಕು ಇದ್ದರೂ ಎರಡು ಸಲ, ಮೂರು ಸಲ ಒತ್ತಿದಾಗ ಮಾತ್ರ ಬರುವಂತೆ ಅಡಗಿರಲಿ. ಅರ್ಧದಿಂದ ಒಂದು ಲ್ಯೂಮೆನ್ನಿನ ಮಟ್ಟ ಇದೆಯೇ ನೋಡಿ. ನಡುರಾತ್ರಿ ಮಗುವಿನ ಹೊದಿಕೆ ಸರಿಮಾಡಲು, ಬಸ್ಸಿನ ಸ್ಲೀಪರ್‌ನಲ್ಲಿ ಚಪ್ಪಲಿ ಹುಡುಕಲು ಅದಕ್ಕಿಂತ ಹೆಚ್ಚು ಬೇಕಾಗದು.

ಚಾರ್ಜಿಂಗ್‌ಗೆ ಟೈಪ್-ಸಿ ಇದ್ದರೆ ಮನೆಯ ಫೋನಿನ ಕೇಬಲ್ಲೇ ಸಾಕು. ಕಾಂತದಂತೆ ಅಂಟುವ ಸ್ವಂತ ಕೇಬಲ್ ಇರುವವು ನೋಡಲು ಚಂದ. ಕೇಬಲ್ ಕಳೆದ ದಿನ ಟಾರ್ಚೂ ಕಳೆದಂತೆ. ಅದರ ಹೊರಗೆ ಕಾಣುವ ಎರಡು ಲೋಹದ ಬಿಂದುಗಳಿಗೆ ಜೇಬಿನ ಬೀಗದಕೈ ತಾಗಿದಾಗ ಶಾರ್ಟ್ ಆಗದಂತೆ ರಕ್ಷಣೆ ಇದೆಯೇ ಎಂದೂ ಕೇಳಿ.

ನೀರಿಗೆ ಐಪಿಎಕ್ಸ್4 ಎಂದರೆ ತುಂತುರು ತಾಳುತ್ತದೆ, ಅಷ್ಟೇ. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ. ಐಪಿ68 ಎಂದರೆ ದೂಳಿಗೂ ಭದ್ರ, ಒಂದು ಮೀಟರಿಗಿಂತ ಆಳಕ್ಕೂ ಸೈ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ತೆಳ್ಳಗಿದ್ದು ತಾನಾಗಿಯೇ ಎದ್ದು ನಿಲ್ಲುವಂತಿದ್ದರೆ ಈ ಅಂಕಗಳೆಲ್ಲ ಕಾಗದದ ಮೇಲಷ್ಟೇ.

ಬಾಲದಲ್ಲಿ ಕಾಂತ ಇದ್ದರೆ ಪಂಪಿನ ಸ್ಟಾರ್ಟರ್ ಡಬ್ಬಿಗೋ ಗಾಡಿಯ ಬಾನೆಟ್ಟಿಗೋ ಅಂಟಿಸಿ ಎರಡೂ ಕೈಯಲ್ಲಿ ಕೆಲಸ ಮಾಡಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅಂಥದ್ದನ್ನು ಅಂಗಿಯ ಜೇಬಿಗೆ ಹಾಕಬಾರದು. ಕಾಂತ ಕನಿಷ್ಠ 15 ಸೆಂಟಿಮೀಟರ್ ದೂರ ಇರಬೇಕು.

ಹೆಜ್ಜೆ 6: ಮನೆಗೆ ಬಂದ ದಿನವೇ ಪರೀಕ್ಷೆ

ವಾಪಸ್ ಕೊಡುವ ಗಡುವು ಮುಗಿಯುವ ಮೊದಲು ಇವಿಷ್ಟು ಮಾಡಿ.

1. ಹತ್ತದಿದ್ದರೆ ಗಾಬರಿ ಬೇಡ. ಬಾಲ ಬಿಚ್ಚಿ ನೋಡಿ. ಸೆಲ್ಲಿನ ತುದಿಗೆ ಬಿಲ್ಲೆಯಂಥ ಪ್ಲಾಸ್ಟಿಕ್ ತುಂಡು ಇಟ್ಟು ಕಳಿಸಿರುತ್ತಾರೆ. ತೆಗೆದು ಮುಚ್ಚಿ.

2. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಒಮ್ಮೆ, ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವುದರಲ್ಲಿ ಒಮ್ಮೆ ಚಾರ್ಜಿಗಿಡಿ. ಮೊದಲನೆಯದರಲ್ಲಿ ಆಗದೆ ಎರಡನೆಯದರಲ್ಲಿ ಆದರೆ ಒಳಗೆ 5.1 ಕಿಲೋಓಮ್‌ನ ಎರಡು ರೆಸಿಸ್ಟರ್ ಹಾಕುವುದನ್ನು ಉಳಿಸಿದ್ದಾರೆ ಎಂದರ್ಥ. ಅವು ಇಲ್ಲದಿದ್ದರೆ ಹೊಸ ಚಾರ್ಜರ್‌ಗೆ ಆ ಕಡೆ ಏನೋ ಸಿಕ್ಕಿಸಿದ್ದಾರೆಂದೇ ತಿಳಿಯದು, ಕರೆಂಟು ಬಿಡುವುದಿಲ್ಲ. ಪೈಸೆಗಳ ಉಳಿತಾಯ, ಕೊಂಡವರಿಗೆ ನಿತ್ಯದ ಕಿರಿಕಿರಿ.

3. ಚಾರ್ಜಿನ ಹೊತ್ತು ಬರೆದಿಡಿ. 3000 ಎಂಎಎಚ್ ಸೆಲ್, ಒಂದು ಆಂಪ್ ಚಾರ್ಜಿಂಗ್ ಎಂದರೆ ಮೂರೂವರೆಯಿಂದ ನಾಲ್ಕು ಗಂಟೆ ಹಿಡಿಯಬೇಕು. ಖಾಲಿ ಸೆಲ್ ಒಂದು ಗಂಟೆಯೊಳಗೆ ಹಸಿರು ತೋರಿಸಿದರೆ ಸಾಮರ್ಥ್ಯ ಬರೆದಷ್ಟು ಇಲ್ಲ. ಮುಟ್ಟಲಾಗದಷ್ಟು ಕಾದರೆ ಕೂಡಲೇ ತೆಗೆಯಿರಿ.

4. ತುಂಬಿದ ಮೇಲೆ ಮಲ್ಟಿಮೀಟರ್ ಇದ್ದರೆ ಸೆಲ್ ಅಳೆಯಿರಿ. 4.15–4.20 ವೋಲ್ಟ್ ಸರಿ. 4.25 ದಾಟಿದರೆ ಆ ಚಾರ್ಜಿಂಗ್ ಸರ್ಕ್ಯೂಟನ್ನು ನಂಬಬೇಡಿ.

5. ರಾತ್ರಿ ಕೋಣೆಯಲ್ಲಿ ಟಾರ್ಚನ್ನು ಸೂರಿಗೆ ಮುಖ ಮಾಡಿ ನಿಲ್ಲಿಸಿ, ಪಕ್ಕದಲ್ಲಿ ಲಕ್ಸ್ ಅಳೆಯುವ ಆ್ಯಪ್ ಇರುವ ಫೋನನ್ನು ಕದಲಿಸದೆ ಇಡಿ. ಹಚ್ಚಿದ ತಕ್ಷಣ, 5 ನಿಮಿಷಕ್ಕೆ, ಆಮೇಲೆ ಅರ್ಧ ಗಂಟೆಗೊಮ್ಮೆ ಅಂಕ ಬರೆಯಿರಿ. ಅಂಕ ಲ್ಯೂಮೆನ್ ಅಲ್ಲ. ಎಷ್ಟು ಇಳಿಯಿತು ಎಂಬುದಷ್ಟೇ ಬೇಕು.

6. ಕಡಿಮೆ ಬೆಳಕಿನಲ್ಲಿ ಹಚ್ಚಿ ಎದುರಿಗೆ ಬೆರಳು ಬೇಗ ಬೇಗ ಆಡಿಸಿ. ಬೆರಳು ಬಿಡಿಬಿಡಿಯಾಗಿ ತುಂಡಾದಂತೆ ಕಂಡರೆ ಬೆಳಕು ಮಿಟುಕುತ್ತಿದೆ. ಆ ಬೆಳಕಿನಲ್ಲಿ ತುಂಬಾ ಹೊತ್ತು ಓದಿದರೆ ಕೆಲವರಿಗೆ ತಲೆನೋವು.

7. ಎಲ್ಲ ಬಿಗಿ ಮಾಡಿ, ರಬ್ಬರ್ ಮುಚ್ಚಳ ಒತ್ತಿ, ಐಪಿಎಕ್ಸ್7 ಅಥವಾ ಮೇಲಿನದಾದರೆ ಐದು ನಿಮಿಷ ಬಕೆಟ್ಟಿನಲ್ಲಿ ಮುಳುಗಿಸಿ. ಒರೆಸಿ ಹತ್ತು ನಿಮಿಷ ಹಚ್ಚಿಡಿ. ಗಾಜಿನ ಒಳಗೆ ಆವಿ ಕಟ್ಟಿದರೆ ನೀರು ಹೋಗಿದೆ.

ಬಳಕೆಯಲ್ಲಿ ಕೈಕೊಡುವುದು ಎಲ್ಲಿ

ಜೇಬಿನಲ್ಲಿ ತಾನೇ ಹತ್ತಿಕೊಂಡು ಬಟ್ಟೆ ಸುಡುವುದು ಪಕ್ಕದ ಗುಂಡಿಯ ಟಾರ್ಚ್‌ಗಳ ದೊಡ್ಡ ದೋಷ. ಬಾಲವನ್ನು ಕಾಲು ಸುತ್ತು ಸಡಿಲಿಸಿದರೆ ಬಹುಪಾಲು ಟಾರ್ಚ್‌ಗಳಲ್ಲಿ ಸಂಪರ್ಕ ತಪ್ಪುತ್ತದೆ. ಚೀಲಕ್ಕೆ ಹಾಕುವಾಗ ಇದನ್ನು ರೂಢಿ ಮಾಡಿಕೊಳ್ಳಿ. ಸಡಿಲಿಸಿದರೂ ಹತ್ತುತ್ತಿದ್ದರೆ ಬಾಲ ತಿರುಗಿಸುವ ಮರೆಗೆ (ತಿರುಪಿನ ಸುತ್ತುಗೆರೆಗಳಿಗೆ) ಬಣ್ಣದ ಲೇಪವಿಲ್ಲ, ಬರಿ ಲೋಹವಿದೆ ಎಂದು ತಿಳಿಯಿರಿ. ಅಂಥದ್ದರಲ್ಲಿ ಗುಂಡಿಗೆ ಬೀಗ ಹಾಕುವ ಕ್ರಮ ಇದೆಯೇ ಎಂದು ಕೈಪಿಡಿಯಲ್ಲಿ ನೋಡಿ.

ತಟ್ಟಿದರೆ ಹತ್ತಿ, ಅಲುಗಿಸಿದರೆ ಆರುವ ಟಾರ್ಚ್ ಕೆಟ್ಟಿರುವುದು ಕಡಿಮೆ, ಕೊಳೆಯಾಗಿರುವುದೇ ಹೆಚ್ಚು. ಬಾಲದ ಕೊಳವೆಯ ಅಂಚು, ಸ್ಪ್ರಿಂಗಿನ ತುದಿ, ಸೆಲ್ಲಿನ ಎರಡು ಮುಖ, ಇವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಆಮೇಲೂ ಹಾಗೇ ಇದ್ದರೆ ಬಾಲದೊಳಗೆ ಎರಡು ಸಣ್ಣ ತೂತಿನ ಬಳೆ ಕಾಣುತ್ತದೆ. ಚಿಮುಟದ ಮೊನೆ ಇಟ್ಟು ಬಲಕ್ಕೆ ತಿರುಗಿಸಿ ಬಿಗಿ ಮಾಡಿ. ಬಹುಪಾಲು ದೂರು ಇಲ್ಲಿಗೆ ಮುಗಿದಂತೆಯೇ.

ಮರೆಗೂ ರಬ್ಬರ್ ಉಂಗುರಕ್ಕೂ ಆರು ತಿಂಗಳಿಗೊಮ್ಮೆ ಅಕ್ಕಿಕಾಳಿನಷ್ಟು ಸಿಲಿಕೋನ್ ಗ್ರೀಸ್ ಸವರಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಗಾಡಿಯ ಗ್ರೀಸ್ ಬೇಡ. ಕೆಲವು ಬಗೆಯ ರಬ್ಬರ್ ಅವಕ್ಕೆ ಉಬ್ಬಿ ಹಿಗ್ಗುತ್ತದೆ.

ಲಿಥಿಯಂ ಸೆಲ್ಲಿಗೆ ಬಿಸಿ ಆಗದು. 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾವು ಇರುತ್ತದೆ, ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ, ಅಂದರೆ 3.7–3.8 ವೋಲ್ಟಿನಲ್ಲಿ ಬಿಟ್ಟು, ಮೂರು ತಿಂಗಳಿಗೊಮ್ಮೆ ನೋಡಿ. 2.5 ವೋಲ್ಟಿಗಿಂತ ಕೆಳಗಿಳಿದ ಸೆಲ್ಲನ್ನು ಮತ್ತೆ ಎಬ್ಬಿಸಲು ಹೋಗಬೇಡಿ. ಜೇಬಿನಲ್ಲಿ ಬಿಡಿ ಸೆಲ್ ಚಿಲ್ಲರೆ ಕಾಸಿನ ಜೊತೆ ಇರಬಾರದು. ಐದು ರೂಪಾಯಿ ನಾಣ್ಯವೊಂದು ಪ್ಲಸ್‌ಗೂ ಹೊರಕವಚಕ್ಕೂ ಅಡ್ಡ ಬಿದ್ದರೆ ಸೆಲ್ ಸುಡುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ವಿಮಾನದಲ್ಲಿ ಹೋಗುವಾಗ ಬಿಡಿ ಸೆಲ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ.

ಹೊದಿಕೆ ಹರಿದರೆ ಹೊಸ ಸುತ್ತು ಹಾಕಿಸಬಹುದು. ಮೈ ತಗ್ಗಿದ್ದರೆ, ಸಿಹಿಯಂಥ ವಾಸನೆ ಬಂದರೆ, ಉಬ್ಬಿದ್ದರೆ ಆ ಸೆಲ್ಲಿನ ಕೆಲಸ ಮುಗಿಯಿತು. ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಒಲೆಗೂ ತಿಪ್ಪೆಗೂ ಹಾಕದೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.